ಒಂದು ಮನೆ, ಒಂದು ಅಕ್ಷರ

‘ಶತ್ರುವಿನ ಬೆನ್ನಿಗೆ ಸಿಂಹ ನಿಂತರೆ ಪಂಪನ ದೊರೆ (5).’

ಮೊದಲ ಸಲ ಓದಿದಾಗ ಇದೊಂದು ಕಥೆಯ ತುಣುಕಿನ ಹಾಗೆ ಕೇಳಿಸುತ್ತದೆ. ರಣರಂಗ, ಶತ್ರು, ಅವನ ಬೆನ್ನ ಹಿಂದೆ ಸಿಂಹ, ಇವರ ನಡುವೆ ಎಲ್ಲಿಂದಲೋ ಬಂದ ಆದಿಕವಿ. ಚಿತ್ರ ಕಣ್ಣಿಗೆ ಕಟ್ಟಿದಷ್ಟೂ ಉತ್ತರ ದೂರ ಸರಿಯುತ್ತದೆ. ಚಿತ್ರವನ್ನು ಬದಿಗಿಟ್ಟು ಬರೀ ಮಾತನ್ನು ಹಿಡಿದುಕೊಳ್ಳಿ: ಶತ್ರು ಎಂದರೆ ಅರಿ, ಸಿಂಹ ಎಂದರೆ ಕೇಸರಿ. ಅರಿಯ ಬೆನ್ನಿಗೆ ಕೇಸರಿ ಬಂದು ನಿಂತರೆ ಅರಿಕೇಸರಿ. ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನೊಂದಿಗೆ ಒಂದು ಮಾಡಿ ಹಾಡಿದ ವೇಮುಲವಾಡದ ಚಾಲುಕ್ಯ ದೊರೆ. ಐದು ಮನೆಗಳಲ್ಲಿ ಅಚ್ಚುಕಟ್ಟಾಗಿ ಕೂರುತ್ತಾನೆ, ಕೊನೆಯ ಎರಡು ಮನೆಗಳಲ್ಲಿ ‘ಸರಿ’ ಎಂದು ತಾನೇ ಅಂಕವನ್ನೂ ಹಾಕಿಕೊಡುತ್ತಾನೆ.

ಈ ಬರಹದಲ್ಲಿ ಬರುವ ಸುಳಿವುಗಳೆಲ್ಲ ನನ್ನ ಸ್ವಂತ ಕಿತಾಪತಿ. ಪದಬಂಧ ಬಿಡಿಸುವ ಚಟ ಹಳತಾಗುತ್ತ ಬಂದ ಹಾಗೆ ಹೆಣೆಯುವ ಚಪಲವೂ ಹತ್ತಿಕೊಳ್ಳುತ್ತದೆ. ಬಸ್ಸಿನ ಕಿಟಕಿಯಿಂದ ಕಾಣುವ ಅಂಗಡಿ ಬೋರ್ಡುಗಳನ್ನು ಹಿಂದುಮುಂದಾಗಿ ಓದತೊಡಗುವುದು ಅದರ ಮೊದಲ ಲಕ್ಷಣ.

ಕನ್ನಡ ದಿನಪತ್ರಿಕೆಯ ಒಳಪುಟದಲ್ಲಿ, ದಿನಭವಿಷ್ಯದ ಆಸುಪಾಸಿನಲ್ಲಿ, ಒಂದು ಅಂಗೈಯಗಲ ಜಾಗ ಇದಕ್ಕೆ ಮೀಸಲು. ಎಡದಿಂದ ಬಲಕ್ಕೆ ಒಂದಷ್ಟು, ಮೇಲಿನಿಂದ ಕೆಳಕ್ಕೆ ಒಂದಷ್ಟು, ಮೂಲೆಯಲ್ಲಿ ನಿನ್ನೆಯ ಉತ್ತರ. ಬಿಡಿಸುವವರು ಒಬ್ಬರೇ ಎಂದು ಕಂಡರೂ ಮನೆಯ ಮಂದಿಯೆಲ್ಲ ಅದರಲ್ಲಿ ಪಾಲುದಾರರು. “ಏನೇ, ಸಮುದ್ರಕ್ಕೆ ಮೂರಕ್ಷರ ಹೇಳು, ಕೊನೇಲಿ ‘ಧಿ’ ಬರುತ್ತೆ.” “ಜಲಧಿ ಹಾಕಿ ನೋಡಿ.” “ಮೊದಲನೇದು ‘ಜ’ ಅಲ್ಲವಂತೆ.” “ಹಾಗಾದ್ರೆ ಶರಧಿ ಇರಬೇಕು.” ಅಷ್ಟಕ್ಕೇ ಮುಗಿಯುವುದಿಲ್ಲ. ವಾರಿಧಿ, ಅಂಬುಧಿ, ಉದಧಿ, ಪಯೋಧಿ ಎಲ್ಲವೂ ಮೂರೇ ಅಕ್ಷರ, ಎಲ್ಲದರ ಬಾಲದಲ್ಲೂ ಅದೇ ‘ಧಿ’. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುವ ಹೊತ್ತಿಗೆ ಹಜಾರದಲ್ಲಿ ಆರು ಸಮುದ್ರಗಳು ಉಕ್ಕಿರುತ್ತವೆ.

ಈ ಆಟ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ. 1913ರ ಡಿಸೆಂಬರ್ 21ರ ಭಾನುವಾರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಪುರವಣಿಯಲ್ಲಿ ಆರ್ಥರ್ ವಿನ್ ಎಂಬ, ಇಂಗ್ಲೆಂಡಿನ ಲಿವರ್‌ಪೂಲ್‌ನಿಂದ ವಲಸೆ ಬಂದಿದ್ದ ಪತ್ರಕರ್ತ ವಜ್ರಾಕೃತಿಯ ಒಂದು ಚೌಕಳಿಯನ್ನು ಅಚ್ಚು ಹಾಕಿಸಿದ. 1924ರಲ್ಲಿ ಸೈಮನ್ ಮತ್ತು ಶುಸ್ಟರ್ ಎಂಬ ಇಬ್ಬರು ಹೊಸ ಪ್ರಕಾಶಕರು ಮೊದಲ ಪದಬಂಧ ಪುಸ್ತಕ ತಂದಾಗ ಪ್ರತಿಯೊಂದಕ್ಕೂ ಒಂದು ಪೆನ್ಸಿಲ್ ಕಟ್ಟಿಕೊಟ್ಟರು. ಅದೇ ವರ್ಷ ‘ನ್ಯೂಯಾರ್ಕ್ ಟೈಮ್ಸ್’ ಇದನ್ನೊಂದು ಹುಚ್ಚು ಎಂದು ಮೂಗು ಮುರಿಯಿತು. 1942ರಲ್ಲಿ ತಾನೇ ಶುರು ಮಾಡಿತು. ನನಗೆ ಖುಷಿ ಕೊಡುವ ಕಾಕತಾಳೀಯ ಬೇರೆ. ಪದಬಂಧ ಹುಟ್ಟಿದ ವರ್ಷವೇ, ಅದಕ್ಕಿಂತ ನಾಲ್ಕು ತಿಂಗಳು ಮೊದಲು, ಆಗಸ್ಟ್ 23ರಂದು ನಮ್ಮ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದರು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಹಿಂದೆ ನಿಂತವರು, ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಶಬ್ದಸಂಶಯಗಳನ್ನು ವರ್ಷಗಟ್ಟಲೆ ಬಗೆಹರಿಸಿದವರು. 107 ವರ್ಷ ಬದುಕಿದರು. ಪದಬಂಧದ ವಯಸ್ಸನ್ನು ಲೆಕ್ಕ ಹಾಕಬೇಕಾದಾಗಲೆಲ್ಲ ಜಿ.ವಿ. ಅವರನ್ನು ನೆನೆದರೆ ಸಾಕು.

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದಾಗ ಚೌಕಳಿ ಅದೇ ಉಳಿಯಿತು, ಆಟ ಪೂರ್ತಿ ಬದಲಾಯಿತು. ಕಾರಣ ಒಂದೇ. ಅಲ್ಲಿ ಒಂದು ಮನೆಯಲ್ಲಿ ಕೂರುವುದು ಇಪ್ಪತ್ತಾರರಲ್ಲಿ ಒಂದು ಅಕ್ಷರ. ಇಲ್ಲಿ ಒಂದು ಮನೆಗೆ ಒಂದು ಇಡೀ ಅಕ್ಷರ, ಅದರ ತಲಕಟ್ಟು, ಕೊಂಬು, ಏತ್ವ, ಒತ್ತು, ಸೊನ್ನೆಗಳ ಸಂಸಾರ ಸಮೇತ. ಪಂಪ ಎರಡೇ ಮನೆ: ‘ಪಂ’, ‘ಪ’. ಸೂರ್ಯನೂ ಎರಡೇ ಮನೆ. ಅರ್ಕಾವತ್ತು ‘ಯ’ದ ಜೊತೆಗೇ ಹೋಗುತ್ತದೆ. ‘ಸ್ತ್ರೀ’ ಎಂಬುದು ಒಂದೇ ಮನೆ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತಗಳ ಸಾಲು. ಲಿಪಿಯ ಮರ್ಯಾದೆ ತಿಳಿಯದ ಯಾವುದಾದರೂ ತಂತ್ರಾಂಶದ ಕೈಗೆ ಸಿಕ್ಕರೆ ಪಾಪ ಸ್ತ್ರೀ ಆರು ಮನೆ ಪಾಲಾಗುತ್ತಾಳೆ.

ಮೂವತ್ತನಾಲ್ಕು ವ್ಯಂಜನ, ಒಂದೊಂದಕ್ಕೂ ಅದರದೇ ಕಾಗುಣಿತ, ಅದರ ಮೇಲೆ ಒತ್ತಕ್ಷರಗಳು. ಹೀಗಾಗಿ ಎರಡು ಪದಗಳು ಒಂದನ್ನೊಂದು ದಾಟುವ ಮನೆ ಕನ್ನಡದಲ್ಲಿ ಬಹಳ ಮಾತಾಡುತ್ತದೆ. ‘ಸಹದೇವನ ಶಂಖ (5)’ ಎಂದು ಕೇಳಿದ್ದಾರೆ ಅನ್ನಿ. ಅರ್ಜುನನ ದೇವದತ್ತ, ಭೀಮನ ಪೌಂಡ್ರ, ಕೃಷ್ಣನ ಪಾಂಚಜನ್ಯ ಎಲ್ಲರಿಗೂ ಗೊತ್ತು. ಸಹದೇವನಿಗೂ ಒಂದು ಶಂಖ ಇತ್ತೆಂಬುದು ಪದಬಂಧ ಬಿಡಿಸುವವರಿಗೆ ಮಾತ್ರ ನೆನಪಿರುತ್ತದೆ. ಮಣಿಪುಷ್ಪಕ. ಅದರ ನಾಲ್ಕನೆಯ ಮನೆಯಲ್ಲಿ ‘ಷ್ಪ’ ಬಿತ್ತು. ಈಗ ಮೇಲಿನಿಂದ ಕೆಳಕ್ಕೆ ಅದೇ ಮನೆಯನ್ನು ಹಾದುಹೋಗುವ ಪದಕ್ಕೆ ಸುಳಿವನ್ನೇ ಓದಬೇಕಿಲ್ಲ. ‘ಷ್ಪ’ ಇರುವ ಪದಗಳು ಕನ್ನಡದಲ್ಲಿ ಎಷ್ಟಿದ್ದಾವು? ಪುಷ್ಪ, ಬಾಷ್ಪ, ನಿಷ್ಪತ್ತಿ, ನಿಷ್ಪಕ್ಷಪಾತ. ಐದು ಮನೆಯೆಂದರೆ ನಿಷ್ಪಕ್ಷಪಾತವೇ ಆಗಬೇಕು. ಇಂಗ್ಲಿಷಿನಲ್ಲಿ ಇಂಥ ಉಡುಗೊರೆ ಯಾವ ಅಕ್ಷರದಿಂದಲೂ ಸಿಕ್ಕುವುದಿಲ್ಲ. ಬದಲಿಗೆ ‘ನ’, ‘ರ’, ‘ಕ’ ಬಿದ್ದರೆ ಏನೂ ದಕ್ಕದು; ಕನ್ನಡದ ಅರ್ಧ ನಿಘಂಟು ಆ ಮನೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತದೆ.

ಹೆಣೆಯುವವರ ಕಷ್ಟ ಇದೇ ಸುಖದ ಇನ್ನೊಂದು ಮುಖ. ವಿಷ್ಣುವಿನ ಬಿಲ್ಲಿನ ಹೆಸರು ಶಾರ್ಙ್ಗ. ಎರಡು ಮನೆ. ಎರಡನೆಯ ಮನೆಯಲ್ಲಿ ಕೂತ ಆ ‘ರ್ಙ್ಗ’ವನ್ನು ಮೇಲಿನಿಂದ ಕೆಳಕ್ಕೆ ದಾಟಿ ಹೋಗುವ ಇನ್ನೊಂದು ಪದವನ್ನು ಹುಡುಕುವ ಧೈರ್ಯ ಯಾರಿಗಿದೆ? ಕರಿಮನೆಗಳ ನಡುವೆ ಅದನ್ನು ಒಂಟಿಯಾಗಿ ಬಿಟ್ಟು ಕೈತೊಳೆದುಕೊಳ್ಳಬೇಕು. ಶಿವನ ಪಿನಾಕ ಎಷ್ಟೋ ಸಾಧು.

ಇನ್ನು ನನ್ನ ಪ್ರೀತಿಯ ಭಾಗಕ್ಕೆ ಬರುತ್ತೇನೆ: ತಿರುಗಿಸುವುದು. ಕನ್ನಡದಲ್ಲಿ ಪದವನ್ನು ಹಿಂದುಮುಂದು ಮಾಡಿದಾಗ ಅಕ್ಷರಕ್ಕೆ ಅಕ್ಷರವೇ ತಿರುಗುತ್ತದೆ. ಇಂಗ್ಲಿಷಿನವರ ಹಾಗೆ ಒಂದೊಂದೇ ಧ್ವನಿ ಹಿಡಿದು ಹಿಂದಕ್ಕೆ ಹೋದರೆ ನದಿ ‘ಇದನ್’ ಆಗಿ ಒಣಗಿಹೋಗುತ್ತಿತ್ತು. ಅಕ್ಷರ ಹಿಡಿದು ತಿರುಗಿಸಿದರೆ ನದಿ ದಿನವಾಗುತ್ತದೆ. ಮಹಿ ಹಿಮವಾಗುತ್ತದೆ. ಜಗ ಗಜವಾಗುತ್ತದೆ. ರಾಜನನ್ನು ತಿರುಗಿಸಿದರೆ ಜರಾ, ಅಂದರೆ ಮುಪ್ಪು. ‘ಕೋಗಿಲೆ ತಿರುಗಿಬಿದ್ದರೆ ಕೋತಿ (2)’: ಪಿಕ ಕಪಿಯಾಗುತ್ತದೆ, ಸಂಗೀತ ಕಛೇರಿಗಳಿಗೆ ತಪ್ಪದೆ ಹೋಗುವವರು ಈ ಪವಾಡವನ್ನು ಕಣ್ಣಾರೆ ಕಂಡಿರುತ್ತಾರೆ. ‘ಮತ ತಿರುಗಿಬಿದ್ದರೆ ಕತ್ತಲೆ (2)’: ತಮ. ಚುನಾವಣೆಯ ಮರುದಿನ ಅಚ್ಚಾದರೆ ಇದಕ್ಕೆ ಬೇರೆ ರುಚಿ. ‘ಪಾಂಡವರ ಸಭೆ ಕಟ್ಟಿದವನು ಹಿಂದಿರುಗಿದರೆ ಪ್ರಾಣಕ್ಕೆ ಸಂಚಕಾರ (2)’: ಮಯ ತಿರುಗಿದರೆ ಯಮ. ಈ ವಿದ್ಯೆಯ ಮೊದಲ ಫಲಾನುಭವಿ ನಮ್ಮಲ್ಲಿ ವಾಲ್ಮೀಕಿಯೇ ಇರಬೇಕು. ಬೇಡನ ಬಾಯಲ್ಲಿ ‘ಮರಾ ಮರಾ’ ಎಂದು ಹೊರಟದ್ದು ರಾಮನಾಗಿ ತಿರುಗಿದ ಕಥೆ ಯಾರಿಗೆ ಗೊತ್ತಿಲ್ಲ!

ಇವುಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದದ್ದು ಇದು: ‘ಯಾವಾಗಲೂ ತಿರುಗುತ್ತಿರುವ ಹರಿಭಕ್ತ (2).’ ಕೇಳಿದೊಡನೆ ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ ಊರೂರು ಸುತ್ತುವ ಒಬ್ಬ ಕಣ್ಣಮುಂದೆ ಬರುತ್ತಾನೆ. ಯಾವಾಗಲೂ ಎಂದರೆ ಸದಾ. ಅದು ತಿರುಗಿದರೆ ದಾಸ. ಸುಳಿವಿನಲ್ಲಿ ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ. ಮೇಲೆ ಕಂಡ ಚಿತ್ರವೂ ನಿಜ, ಒಳಗಿನ ಲೆಕ್ಕವೂ ನಿಜ. ಇಂಥದ್ದು ಎಲ್ಲ ದಿನ ಸಿಕ್ಕುವುದಿಲ್ಲ. ಸಿಕ್ಕ ದಿನ ಕಾಫಿ ಆರಿದರೂ ಬೇಸರವಿಲ್ಲ.

ತಿರುಗಿಸಿದರೂ ಬದಲಾಗದ ಹಟಮಾರಿ ಪದಗಳದು ಇನ್ನೊಂದು ಪಂಗಡ. ಕನಕ, ನಯನ, ಸರಸ, ನಮನ, ವಿಕಟಕವಿ. ‘ಕುಬೇರನಿಗೇನಿರಬೇಕು’, ‘ಮದ್ರಾಸಿನ ಸಿದ್ರಾಮ’ ಎಂದು ಶಾಲೆಯ ಮಕ್ಕಳು ಒಬ್ಬರಿಗೊಬ್ಬರು ಸವಾಲು ಹಾಕುತ್ತಿದ್ದುದೂ ಇದೇ ಆಟ. ಒತ್ತು ಕೊಟ್ಟ ‘ದ್ರಾ’ ಎರಡೂ ಕಡೆಯಿಂದ ಅಲುಗದೆ ನಿಲ್ಲುವುದನ್ನು ಗಮನಿಸಿ. ಅಕ್ಷರವೇ ಇಲ್ಲಿ ಇಟ್ಟಿಗೆ.

ಅಕ್ಷರಗಳನ್ನು ಚೆದುರಿಸಿ ಜೋಡಿಸುವ ಆಟದಲ್ಲಿ ಕನ್ನಡಕ್ಕೆ ಸ್ವಲ್ಪ ಬಡತನ ಇದೆ. ಇಂಗ್ಲಿಷಿನಲ್ಲಿ ಉದ್ದುದ್ದ ವಾಕ್ಯಗಳನ್ನೇ ಕಲಸಿ ಬೇರೆ ವಾಕ್ಯ ತೆಗೆಯುತ್ತಾರೆ. ನಮ್ಮಲ್ಲಿ ಮೂರಕ್ಷರ ದಾಟಿದರೆ ಕೈ ನಡುಗುತ್ತದೆ. ಆದರೆ ಆ ಮೂರಕ್ಷರದಲ್ಲಿ ಸಿಕ್ಕುವುದು ಕೆಲವೊಮ್ಮೆ ಬೆಚ್ಚಿಬೀಳಿಸುತ್ತದೆ. ರಮಣನ ಮೊದಲೆರಡು ಅಕ್ಷರ ಅದಲುಬದಲಾದರೆ ಮರಣ. ಮದನ ಚೆದುರಿದರೆ ದಮನ. ಶಿವನ ಹಣೆಗಣ್ಣಿನ ಪುರಾಣವೆಲ್ಲ ಮೂರು ಮನೆಯಲ್ಲಿ ಮುಗಿದುಹೋಯಿತು.

ಅಡಗಿಸಿಡುವುದರಲ್ಲಿ ಮಾತ್ರ ಕನ್ನಡ ಸಿರಿವಂತೆ. ವಾನರನೊಳಗೆ ನರನಿದ್ದಾನೆ. ಬೇಸರದಲ್ಲೂ ಒಂದು ಸರ ಸಿಕ್ಕುತ್ತದೆ. ‘ಮೈಲಿಗೆಯಾಗದ ಓಣಿ ಕೊಡಗಿನಲ್ಲಿದೆ (4)’ ಎಂದರೆ ಮಡಿಕೇರಿ. ನಗರದ ತಲೆಯಲ್ಲಿ ನಗ, ಅಂದರೆ ಬೆಟ್ಟ. ಬಾಲದಲ್ಲಿ ಗರ, ಅಂದರೆ ವಿಷ. ಬೆಂಗಳೂರಿನ ಸಂಚಾರ ದಟ್ಟಣೆಯಲ್ಲಿ ಗರ ಬಡಿದವರಂತೆ ಕೂತವರು ಇದನ್ನು ಬರೀ ಪದಚಮತ್ಕಾರ ಎನ್ನಲಾರರು. ಚಾಮರಾಜನಗರದ ಏಳು ಮನೆಗಳನ್ನು ಬಿಡಿಸಿ ನೋಡಿ: ರಾಜನ ಬಾಲ ಹಿಡಿದು ಜನ, ಜನರ ಬಾಲ ಹಿಡಿದು ನಗರ. ಊರಿಗೆ ಹೆಸರಿಟ್ಟವರಿಗೆ ಇದು ಹೊಳೆದಿತ್ತೋ ಇಲ್ಲವೋ, ಪೆನ್ಸಿಲ್ ಹಿಡಿದವರಿಗೆ ಹೊಳೆಯುತ್ತದೆ.

ಹಾಗೆಂದು ಪದಬಂಧ ಬರೀ ಶ್ಲೇಷೆಯಲ್ಲ. ಅರ್ಧಕ್ಕರ್ಧ ಅದು ಸಾಮಾನ್ಯ ಜ್ಞಾನ, ಅದೂ ಎಲ್ಲೂ ಉಪಯೋಗಕ್ಕೆ ಬಾರದ ಬಗೆಯದು. ಶರಾವತಿ ಹುಟ್ಟುವ ಅಂಬುತೀರ್ಥದ ಪಕ್ಕದಲ್ಲೇ ರಾಜ್‌ಕುಮಾರರ ಹುಟ್ಟುಹೆಸರು ಮುತ್ತುರಾಜ, ಅದರ ಕೆಳಗೆ ರನ್ನನ ಗದಾಯುದ್ಧ, ಅದನ್ನು ಅಡ್ಡ ಹಾಯುವ ಒಳಕಲ್ಲು. ಈ ಚೌಕಳಿಯಲ್ಲಿ ಮೇಲುಕೀಳಿಲ್ಲ. ಜ್ಞಾನಪೀಠ ಪಡೆದ ಕವಿಗೂ ಉಪ್ಪಿನಕಾಯಿಗೂ ಮನೆ ಎಣಿಸುವ ಲೆಕ್ಕ ಒಂದೇ. ಪರೀಕ್ಷೆಗೆಂದು ಓದಿ ಮರೆತದ್ದು, ಅಜ್ಜಿ ಹೇಳಿದ ಕಥೆಯಲ್ಲಿ ಎಲ್ಲೋ ಕೇಳಿದ್ದು, ಹಳೆಯ ಸಿನಿಮಾದ ಪೋಸ್ಟರಿನಲ್ಲಿ ಕಂಡದ್ದು, ಎಲ್ಲವೂ ಆ ಹೊತ್ತಿಗೆ ಕರೆದರೆ ಬರುತ್ತವೆ. ಯಾವ ಕಪಾಟಿನಿಂದ ಬಂದವೋ ನಮಗೇ ತಿಳಿಯದು.

ಇದರ ಜೊತೆಗೆ ಪದಬಂಧದಲ್ಲಿ ಮಾತ್ರ ಬದುಕಿರುವ ಕೆಲವು ಪ್ರಾಣಿಗಳಿವೆ. ಬೀದಿಯಲ್ಲಿ ಹಾವು ಕಂಡರೆ ಯಾರೂ “ಅಹಿ, ಅಹಿ!” ಎಂದು ಕೂಗಿಕೊಳ್ಳುವುದಿಲ್ಲ. ದಸರೆಯಲ್ಲಿ ಅಂಬಾರಿ ಹೊರುವುದು ಆನೆಯೇ ಹೊರತು ಇಭವಲ್ಲ. ದುಂಬಿಗೆ ಅಳಿ, ಹಕ್ಕಿಗೆ ಖಗ, ಕತ್ತಿಗೆ ಅಸಿ ಎಂದು ಹಳಗನ್ನಡದ ಕಾವ್ಯ ಬಿಟ್ಟರೆ ಕರೆಯುವುದು ಪದಬಂಧದವರು ಮಾತ್ರ. ಮೂಲೆಯಲ್ಲಿ ಎರಡು ಮನೆ ಖಾಲಿ ಉಳಿದಾಗ ಇವು ಹೆಣೆಯುವವರ ಕೈಹಿಡಿಯುತ್ತವೆ. ಇದನ್ನು ದೋಷ ಎನ್ನುವವರಿದ್ದಾರೆ. ನಾನು ಎನ್ನಲಾರೆ. ಕಿಟ್ಟೆಲ್ಲರು 1894ರಲ್ಲಿ ಅಚ್ಚು ಹಾಕಿಸಿದ ನಿಘಂಟಿನ ಎಷ್ಟೋ ಪದಗಳು ಬೆಳಗಿನ ಪತ್ರಿಕೆಯಲ್ಲಿ ಮುಖ ತೋರಿಸುವ ಜಾಗ ಇದೊಂದೇ.

ಪದಬಂಧದ ಇತಿಹಾಸದಲ್ಲಿ ನನಗೆ ಗೊತ್ತಿರುವ ಅತಿ ದೊಡ್ಡ ಸಾಹಸ 1996ರ ನವೆಂಬರ್ 5ರದು, ಅಮೆರಿಕದ ಅಧ್ಯಕ್ಷ ಚುನಾವಣೆಯ ದಿನ. ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಜೆರೆಮಯ್ಯ ಫ್ಯಾರೆಲ್ ಎಂಬವರು ಹೆಣೆದ ಚೌಕಳಿಯ ನಡುಸಾಲಿನ ಸುಳಿವು ನಾಳಿನ ಪತ್ರಿಕೆಯ ಮುಖ್ಯ ಸುದ್ದಿ ಏನು ಎಂದು ಕೇಳಿತ್ತು. ಕ್ಲಿಂಟನ್ ಗೆದ್ದರು ಎಂದು ತುಂಬಿದರೂ ಸರಿ, ಬಾಬ್ ಡೋಲ್ ಗೆದ್ದರು ಎಂದು ತುಂಬಿದರೂ ಸರಿ. ಇಂಗ್ಲಿಷಿನಲ್ಲಿ ಎರಡು ಹೆಸರಿಗೂ ಏಳೇಳು ಅಕ್ಷರ. ಅವುಗಳನ್ನು ದಾಟುವ ಏಳೂ ಪದಗಳಿಗೆ ಎರಡೆರಡು ಉತ್ತರ ಒಪ್ಪುವಂಥ ಸುಳಿವು. ಒಂದರ ಉತ್ತರ ಬೆಕ್ಕಾದರೆ (CAT) ಕ್ಲಿಂಟನ್, ಬಾವಲಿಯಾದರೆ (BAT) ಬಾಬ್ ಡೋಲ್. ಪತ್ರಿಕೆ ಭವಿಷ್ಯ ಹೇಳಿಬಿಟ್ಟಿತು ಎಂದು ಸಿಟ್ಟಾಗಿ ಫೋನ್ ಮಾಡಿದ ಓದುಗರೂ ಇದ್ದರಂತೆ.

ಇದು ಕನ್ನಡದಲ್ಲಿ ಆಗುತ್ತದೆಯೇ ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ. ಅಷ್ಟು ದೊಡ್ಡದು ಕೈಗೆಟುಕಲಿಲ್ಲ, ಚಿಕ್ಕದೊಂದು ಸಿಕ್ಕಿತು. ಎಡದಿಂದ ಬಲಕ್ಕೆ: ‘ಅಡುಗೆಮನೆಯ ಒಲೆಗೆ ಬೇಕಾದದ್ದು (3).’ ಬೆಂಕಿ ಎಂದುಕೊಂಡವರು ಅನಲ ಎಂದು ಬರೆಯುತ್ತಾರೆ, ಸಿಲಿಂಡರ್ ನೆನೆದವರು ಅನಿಲ ಎಂದು. ಎರಡೂ ಸರಿ. ನಡುವಿನ ಮನೆ ‘ನ’ವೋ ‘ನಿ’ಯೋ? ಅಲ್ಲಿಗೆ ಮೇಲಿನಿಂದ ಇಳಿದು ಬರುವ ಪದ: ‘ಹಟ್ಟಿಯಿಂದ ಬಂದದ್ದು (2).’ ದನ ಬಂತು ಎಂದರೆ ಅನಲ. ಬರೀ ದನಿ ಬಂತು ಎಂದರೆ ಅನಿಲ. ಬೆಂಕಿಗೂ ಗಾಳಿಗೂ ನಡುವೆ ಇರುವುದು ಒಂದು ಗುಡಿಸು ಮಾತ್ರ.

ಹೀಗೆಲ್ಲ ಆಟವಾಡಬಲ್ಲ ಭಾಷೆಯ ಕೈಯಲ್ಲಿ ನಮ್ಮ ಎಷ್ಟೋ ಪದಬಂಧಗಳು ಪರ್ಯಾಯ ಪದದ 'ಬಿಟ್ಟ ಸ್ಥಳ ತುಂಬಿ' ಅಭ್ಯಾಸ ಮಾಡಿಸುತ್ತಿವೆ ಎಂಬುದೇ ನನ್ನ ತಕರಾರು. ‘ಕಮಲ (3)’ ಎಂದು ಕೊಟ್ಟುಬಿಡುತ್ತಾರೆ. ತಾವರೆ, ಪಂಕಜ, ನೀರಜ, ಸರೋಜ, ಅಂಬುಜ, ವಾರಿಜ, ಜಲಜ, ನಳಿನ: ಎಲ್ಲವೂ ಮೂರು ಮನೆ. ಇದರಲ್ಲಿ ಬುದ್ಧಿಗೆ ಕೆಲಸವಿಲ್ಲ, ಅದೃಷ್ಟಕ್ಕಷ್ಟೇ ಇದೆ. ‘ಹೇಗೆ ತಿರುಗಿಸಿದರೂ ಅದೇ ಹೂ’ ಎಂದು ಸ್ವಲ್ಪ ಚೇಷ್ಟೆ ಮಾಡಿದರೆ ಎಂಟರಲ್ಲಿ ಎರಡು ಉಳಿಯುತ್ತವೆ, ಜಲಜ ಮತ್ತು ನಳಿನ. ‘ನೀರಲ್ಲಿ ಹುಟ್ಟಿದ್ದು, ಹೇಗೆ ತಿರುಗಿಸಿದರೂ ಅದೇ’ ಎಂದರೆ ಜಲಜವೊಂದೇ. ಬಿಡಿಸುವವನಿಗೆ ಮೋಸವಾಗಬೇಕು, ಅನ್ಯಾಯವಾಗಬಾರದು. ಇಂಗ್ಲೆಂಡಿನಲ್ಲಿ ಈ ನ್ಯಾಯವನ್ನು ಶಾಸ್ತ್ರವಾಗಿಸಿದವರು ‘ಕ್ಸಿಮೆನೀಸ್’ ಎಂಬ ಗುಪ್ತನಾಮದಲ್ಲಿ ‘ಅಬ್ಸರ್ವರ್’ ಪತ್ರಿಕೆಗೆ ಬರೆಯುತ್ತಿದ್ದ ಮ್ಯಾಕ್‌ನಟ್ ಎಂಬ ಮೇಷ್ಟ್ರು; 1966ರಲ್ಲಿ ಅದರ ಮೇಲೊಂದು ಪುಸ್ತಕವನ್ನೇ ಬರೆದರು. ಆ ಗುಪ್ತನಾಮ ಸ್ಪೇನಿನ ಕ್ರೂರ ಧರ್ಮವಿಚಾರಣಾಧಿಕಾರಿಯೊಬ್ಬನದು. ಚಿತ್ರಹಿಂಸೆಯ ವಿಷಯದಲ್ಲಿ ಅವರಿಗೆ ಸಂಕೋಚ ಇರಲಿಲ್ಲ.

ನಮ್ಮಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಒಗಟು ನಮ್ಮದು, ಕನಕದಾಸರ ಮುಂಡಿಗೆ ನಮ್ಮದು, ಬೆಡಗಿನ ವಚನ ನಮ್ಮದು. ನಾ. ಕಸ್ತೂರಿಯವರ ‘ಅನರ್ಥಕೋಶ’ ಸುಳಿವು ಬರೆಯುವವರ ಪಠ್ಯಪುಸ್ತಕವಾಗಬೇಕಿತ್ತು. ಕೋಲಾರ ಜಿಲ್ಲೆಯ ಅಬ್ಬಣಿಯವರಾದ ಎ.ಎನ್. ಪ್ರಹ್ಲಾದ ರಾವ್ ಸಾವಿರಾರು ಪದಬಂಧಗಳನ್ನು ಒಬ್ಬರೇ ಹೆಣೆದು ಕನ್ನಡಿಗರಿಗೆ ಈ ರುಚಿ ಹತ್ತಿಸಿದರು. ರಾಜ್‌ಕುಮಾರರ ಜೀವನಚರಿತ್ರೆ ಬರೆದವರೂ ಅವರೇ. ಅವರು ಹಾಕಿದ ಹಾದಿಯಲ್ಲಿ ಮುಂದಿನವರು ಇನ್ನಷ್ಟು ತುಂಟರಾಗಬೇಕು. ಸಂಪಾದಕರು ಆ ಅಂಗೈಯಗಲ ಜಾಗವನ್ನು ಜಾಹೀರಾತಿಗೆ ಬಿಟ್ಟುಕೊಡದೆ, ಹೆಣೆದವರ ಹೆಸರನ್ನು ಅದರ ಕೆಳಗೆ ದೊಡ್ಡದಾಗಿ ಹಾಕಬೇಕು.

ನೀವು ಇನ್ನೂ ಇದರ ಹತ್ತಿರ ಸುಳಿದಿಲ್ಲವಾದರೆ ಇಲ್ಲಿಂದಲೇ ಶುರು ಮಾಡಿ. ‘ಅರಸಿಕನ ಬಳಿಯೂ ರಾಣಿ ಇದ್ದಾಳೆ (3).’ ಉತ್ತರ ನಾಳಿನ ಸಂಚಿಕೆಯಲ್ಲಿ ಇರುವುದಿಲ್ಲ, ಸುಳಿವಿನಲ್ಲೇ ಇದೆ.